ಕೆಂಡದ ಮೇಲೆ ಅತ್ತ ಬಿಲ್ಲು

ಬಲು ಹಿಂದಿನ ಮಾತು. ನೀಲಕೂಟ ಎಂಬ ರಾಜ್ಯದಲ್ಲಿ ಬೊಮ್ಮಕ್ಕ ಎಂಬವಳಿದ್ದಳು. ಬಿಲ್ಲು ಕೆತ್ತುವವರು ಊರಿಗೆ ಹತ್ತು ಜನ; ಕೆತ್ತಿದ ಬಿಲ್ಲನ್ನು ಕೆಂಡದ ಮೇಲೆ ಕಾಯಿಸಿ ಅದಕ್ಕೆ ಬಿಗುವು ತರುವವಳು ಅವಳೊಬ್ಬಳೇ. ಅಪ್ಪ ಅಮ್ಮ ಇಲ್ಲದ ಅವಳಿಗೆ ತಮ್ಮ ಕೆಂಚನೇ ಎಲ್ಲ. ಮರ ತರುತ್ತೇನೆಂದು ಕಾಡಿಗೆ ಹೋದ ಆ ಪುಣ್ಯಾತ್ಮ ತಿರುಗಿ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಕಾಡಿನ ಮಾಂತ್ರಿಕ ಕಾಳಜಟ ಬಾಗಿಲಿಗೆ ಬಂದ. ಕೈಯಲ್ಲೊಂದು ಹಸಿ ಬಿಲ್ಲು.

"ಇದನ್ನು ಕಾಯಿಸಿ ಕೊಡು. ಇದರ ಬಾಣಕ್ಕೆ ಅರಮನೆಯೇ ಉರುಳಬೇಕು. ಕೊಟ್ಟರೆ ನಿನ್ನ ತಮ್ಮ ಎಲ್ಲಿದ್ದಾನೆ ಅಂತ ಹೇಳ್ತೀನಿ," ಎಂದ.

ತಮ್ಮ ಅಂದದ್ದೇ ತಡ, ಬೊಮ್ಮಕ್ಕ ಹಿಂದೆಮುಂದೆ ನೋಡದೆ ಕೆಂಡ ಹರಡಿದಳು.

ಒಂದನೇ ಸಲ ಕಾಯಿಸಿದಳು. ಬಿಲ್ಲಿನಿಂದ ನೀರು ತೊಟ್ಟಿಕ್ಕಿತು. ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು! ಎಂಥದೋ ಕಾಡುಮರ ಅಂದುಕೊಂಡಳು.

ಎರಡನೇ ಸಲ ಕಾಯಿಸಿದಳು. "ಅಮ್ಮಾ..." ಎಂದು ಯಾರೋ ನರಳಿದಂತಾಯಿತು. ಗಾಳಿಯಿರಬೇಕು ಎಂದು ಬಾಗಿಲು ಮುಚ್ಚಿದಳು.

ಮೂರನೇ ಸಲ ಕಾಯಿಸಿದಳು. ಬಿಲ್ಲು ಚೀರಿತು: "ಅಕ್ಕಾ! ಸುಡ್ತಿದೆ ಕಣೇ!"

ಅಯ್ಯೋ ಶಿವನೇ! ಬೊಮ್ಮಕ್ಕ ಬಿಲ್ಲನ್ನು ಎದೆಗವಚಿಕೊಂಡು ಕುಸಿದಳು. ಬೆಳಗಿನಿಂದ ಸುಟ್ಟದ್ದು ಯಾರನ್ನು!

ಹೊರಗೆ ಕಾದು ಕೂತಿದ್ದ ಕಾಳಜಟ ಬಾಗಿಲು ನೂಕಿ ಒಳಗೆ ಬಂದು ನಕ್ಕ. "ಹೂಂ, ನಿನ್ನ ತಮ್ಮನೇ. ಎಲ್ಲಿದ್ದಾನೆ ಅಂತ ಹೇಳಿದೆನಲ್ಲ! ಮನುಷ್ಯನನ್ನು ಮರ ಮಾಡಿ ಕೆತ್ತಿದ ಬಿಲ್ಲಿಗೆ ಸಾಟಿಯೇ ಇಲ್ಲ. ಕೊಡು ಇಲ್ಲಿ, ಹೆದೆ ಏರಿಸ್ತೀನಿ."

ಬೊಮ್ಮಕ್ಕ ಅವನ ಕಾಲು ಹಿಡಿದಳು. "ಬೇಡ ಸ್ವಾಮಿ! ಈಗಷ್ಟೇ ಕಾಯಿಸಿದ ಮರ, ಒಣಗಿ ಹಪ್ಪಳವಾಗಿದೆ. ನೆರಳಲ್ಲಿ ನಾಲ್ಕು ದಿನ ಬಿಟ್ಟರೆ ತೇವ ಹಿಡಿದುಕೊಳ್ಳುತ್ತೆ. ಈಗ ಎಳೆದರೆ ಮುರಿಯುತ್ತೆ. ನನ್ನ ತಮ್ಮ ಸತ್ತುಹೋಗ್ತಾನೆ!"

"ನನ್ನ ಕಿವಿಗೇ ಹೂವಾ? ನಾಲ್ಕು ದಿನದಲ್ಲಿ ರಾಜನ ದಂಡು ಕರೆಸೋಣ ಅಂತ ತಾನೇ?"

ಅವಳನ್ನು ಒದ್ದು ಹೆದೆ ಏರಿಸಿದ. ಕಿವಿಯವರೆಗೆ ಎಳೆದ.

ಫಟ್!

ಬಿಲ್ಲು ಎರಡು ತುಂಡಾಯಿತು. ಬೊಮ್ಮಕ್ಕ ತುಂಡುಗಳನ್ನು ಮಡಿಲಿಗೆ ಎಳೆದುಕೊಂಡಳು.

ಆದರೆ ಮುರಿದದ್ದು ಬಿಲ್ಲಷ್ಟೇ ಅಲ್ಲ, ಮಂತ್ರವೂ ಮುರಿದಿತ್ತು. ಕಟ್ಟಿದವನ ಕೈಯಾರೆ ಮುರಿದ ಮಂತ್ರ ಅವನನ್ನೇ ಹಿಡಿಯಿತು. ಕಾಳಜಟನ ಬೆರಳುಗಳು ಕಡ್ಡಿಯಾದವು, ಕಾಲುಗಳು ಬೇರಾಗಿ ನೆಲಕ್ಕಿಳಿದವು. ನೋಡನೋಡುತ್ತ ಅವನೊಂದು ಮೋಟು ಜಾಲಿಮರವಾದ. ಮಡಿಲಲ್ಲಿ ತುಂಡುಗಳಿದ್ದ ಕಡೆ ಕೆಂಚನ ತಲೆಯಿತ್ತು. ಬೆನ್ನೆಲ್ಲ ಕೆಂಪಗೆ ಬೊಬ್ಬೆ.

"ಒಂದನೇ ಸಲವೇ ಗೊತ್ತಾಗಬಾರದಿತ್ತಾ ಅಕ್ಕಾ?" ಎಂದು ನರಳಿದ.

ಬೊಮ್ಮಕ್ಕ ಅವನ ಕೆನ್ನೆಗೊಂದು ಬಿಟ್ಟು, ಆಮೇಲೆ ತಬ್ಬಿಕೊಂಡು ಗೋಳೋ ಎಂದು ಅತ್ತಳು.

ಕಾಳಜಟ ಮರ ಮಾಡಿಟ್ಟಿದ್ದ ಉಳಿದವರೂ ಬಿಡುಗಡೆಯಾದರು; ಕಾಡಿನ ಮರಗಳಲ್ಲಿ ಅರ್ಧಕ್ಕರ್ಧ ಮನುಷ್ಯರಾಗಿ ಎದ್ದು ಮನೆಗೆ ನಡೆದರು. ನೀಲಕೂಟದ ಒಲೆಗಳೆಲ್ಲ ಉರಿದವು, ಎಲ್ಲರೂ ಹೊಟ್ಟೆತುಂಬ ಉಂಡು ನೆಮ್ಮದಿಯಿಂದ ಬಾಳಿದರು. ಬೊಮ್ಮಕ್ಕ ಮತ್ತೆಯೂ ಬಿಲ್ಲು ಕಾಯಿಸಿದಳು. ಆದರೆ ಯಾವ ಮರವನ್ನೇ ಆಗಲಿ, ಕೆಂಡಕ್ಕೆ ಒಡ್ಡುವ ಮೊದಲು ಕಿವಿಗಿಟ್ಟುಕೊಂಡು, "ಯಾರಪ್ಪಾ ನೀನು?" ಎಂದು ಕೇಳಿ, ಸ್ವಲ್ಪ ಹೊತ್ತು ಕಾಯುತ್ತಿದ್ದಳು.