ಪೆಟ್ರೋಲ್ ಮುಚ್ಚಳದ ದಾರ

"ಮತ್ತ ಹತ್ಯದ ನೋಡ್ರಿ. ಈ ಲೈಟಿಗೆ ನಿಮ್ಮ ಗ್ಯಾರೇಜ್ ಭಾಳ ಸೇರ್‍ಯದ."

ಮಂದಾಕಿನಿ ಕಾರಿನಿಂದ ಇಳಿದು ಪಕ್ಕಕ್ಕೆ ಸರಿದಳು. ಸ್ಟೇರಿಂಗ್ ಹಿಂದೆ ಚೆಕ್ ಎಂಜಿನ್ ಲೈಟು ಹಳದಿಯಾಗಿ ಉರಿಯುತ್ತಿತ್ತು. ಎರಡು ತಿಂಗಳಲ್ಲಿ ನಾಲ್ಕನೇ ಸಲ.

ಅಮೀರ್‌ಪೇಟ್‌ನಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ಅವಳು ಅಲ್ಲಿನ ಇನ್‌ಸ್ಟಿಟ್ಯೂಟ್ ಒಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ನನ್ನ ಗ್ಯಾರೇಜು ಮೆಹದಿಪಟ್ಟಣಂನಲ್ಲಿ. ಗಿರಾಕಿಗಳ ಜೊತೆ ನನ್ನದು ತೆಲುಗು, ಇಲ್ಲವೇ ಹಿಂದಿ. ಕನ್ನಡದಲ್ಲಿ "ಅಮರೇಶ ಅವರ" ಎಂದು ಕರೆಯುವವಳು ಇವಳೊಬ್ಬಳೇ.

ಮೊದಲ ಸಲ ಬಂದಾಗ ಪೆಟ್ರೋಲ್ ಮುಚ್ಚಳಕ್ಕೆ ಕೈ ಹಾಕಿದ್ದೆ. ಅದರ ಸುತ್ತ ಅರಿಶಿನದ ದಾರ.

"ಸಾವಕಾಶ್ರಿ. ದಸರಾಕ್ಕ ಗಾಡಿ ಪೂಜಾ ಮಾಡಿ ಅಪ್ಪ ಕಟ್ಟಿದ್ದು. ಅದಾಗಿ ಹದಿನೆಂಟು ದಿನಕ್ಕ ತೀರಿಹೋದ್ರು."

ನಾನು ಮುಚ್ಚಳವನ್ನು ಹಾಗೇ ಹಾಕಿದೆ. ಸ್ಕ್ಯಾನರ್ ಹಚ್ಚಿ ಲೈಟು ಆರಿಸಿ ಕಳಿಸಿದೆ. ಅದು ಮತ್ತೆ ಹತ್ತಿತು. ಹತ್ತುತ್ತದೆ ಎಂದು ನನಗೆ ಗೊತ್ತಿತ್ತು.

"ಈ ಸಲ ಏನಂತದ ನಿಮ್ಮ ಸ್ಕ್ಯಾನರ್?"

"ಹಿಂದಿನ ಸಲದ್ದ. ಟ್ಯಾಂಕಿನ್ಯಾಗಿಂದ ಪೆಟ್ರೋಲ್ ಆವಿ ಸೋರತೈತಿ."

"ಅಣ್ಣ ರವಿವಾರ ಗಾಡಿ ಮಾರ್ತೀನಿ ಅಂತಾನ. ಮೆಕ್ಯಾನಿಕ್‌ಗ ತಿಳೀಲಾರದ ರೋಗ ಅದಂತ."

ಅವಳ ದನಿ ಕೊನೆಯಲ್ಲಿ ಒಡೆಯಿತು. ನಾನು ಮುಚ್ಚಳ ಬಿಚ್ಚಿ ಅವಳ ಮುಂದೆ ಹಿಡಿದೆ.

"ಗಾಡಿ ಚಲೋ ಐತ್ರಿ. ಈ ದಾರದ ಒಂದು ಎಳಿ ರಬ್ಬರಿನ ಮ್ಯಾಲೆ ಕುಂತೈತಿ. ಮುಚ್ಚಳ ಬಿಗಿ ಆಗೂದಿಲ್ಲ. ಮೊದಲನೇ ದಿನಾನ ನೋಡೀನಿ."

ಅವಳು ದಾರವನ್ನೇ ನೋಡಿದಳು. ನನ್ನನ್ನಲ್ಲ.

"ಯಾಕ ಹೇಳಲಿಲ್ಲ?"

"ಅಪ್ಪ ಕಟ್ಟಿದ್ದು ಅಂದ್ರಿ. ಕತ್ತರಸ್ರಿ ಅನ್ನಾಕ ಬಾಯಿ ಬರಲಿಲ್ಲ."

"ಎರಡನೇ ಸಲ?"

"ರಿಪೇರಿ ಆದ್ರ ನೀವು ಬರೂದಿಲ್ಲ ಅಂತ."

"ಈ ಗಾಡೀ ಸಲುವಾಗಿ ಎರಡು ತಿಂಗಳು ಅಣ್ಣನ ಕೂಡ ಜಗಳಾಡೀನಿ. ಅತ್ತೀನಿ. ನಿಮಗ ನನ್ನ ನೋಡಲಿಕ್ಕ ಅದೊಂದು ನೆಪ."

"ತಪ್ಪಾತು" ಎಂದೆ. ಆ ಮಾತು ಅವಳು ಅತ್ತದ್ದಕ್ಕೆ ಸಾಲುವಂಥದ್ದಲ್ಲ.

"ಕತ್ರಿ ಕೊಡ್ರಿ."

ತಾನೇ ಕತ್ತರಿಸಿದಳು. ದಾರವನ್ನು ಕರವಸ್ತ್ರದಲ್ಲಿ ಮಡಚಿ ಪರ್ಸಿಗೆ ಹಾಕಿ, ಮುಚ್ಚಳ ತಿರುವಿದಳು. ಟಕ್, ಟಕ್, ಟಕ್. ಈ ಕಾರಿನಲ್ಲಿ ಮುಚ್ಚಳ ಬಿಗಿಯಾದ ಸದ್ದು ನಾನು ಕೇಳಿದ್ದು ಅದೇ ಮೊದಲು. ಲೈಟು ಆರಿಸಿದೆ. ಇನ್ನು ಅದು ಹತ್ತುವ ಕಾರಣವಿರಲಿಲ್ಲ.

ಹೊರಟುಹೋಗುತ್ತಾಳೆ ಎಂದುಕೊಂಡೆ. ಅವಳು ಒಳಗೆ ಕೂತು, ಬಾಗಿ, ಎಡಗಡೆಯ ಬಾಗಿಲು ತೆರೆದಳು.

"ಕೂಡ್ರಿ. ಅಣ್ಣ ಮನ್ಯಾಗಿದ್ದಾನ. ಅವಗ ನೀವ ಹೇಳಬೇಕು."

"ದಾರದ್ದಾ?"

"ಮೊದಲನೇ ಸಲದ್ದು. ಎರಡನೇ ಸಲದ್ದೂ."

ಅವಳ ಮುಖ ಮಾತ್ರ ನೇರ ರಸ್ತೆಯ ಕಡೆಗಿತ್ತು. ಕಿವಿಯ ಹಿಂದೆ ಕೆಂಪಾಗಿತ್ತು. ಸಿಟ್ಟೋ ಮತ್ತೊಂದೋ ತಿಳಿಯಲಿಲ್ಲ. ಅವರದು ಮಠದ ಪಂಚಾಂಗ ನೋಡಿ ನಡೆಯುವ ಬ್ರಾಹ್ಮಣರ ಮನೆ. ನನ್ನ ಕೊರಳಲ್ಲಿ ಲಿಂಗ, ಉಗುರಲ್ಲಿ ಗ್ರೀಸು.

"ನಿಮ್ಮಣ್ಣ ಹೊರಗ ಹಾಕಿದ್ರ?"

"ಗಾಡಿ ಬಾಗಲದಾಗ ನಿಂತಿರ್ತದ. ಕೀಲಿ ನನ್ನ ಕೈಯಾಗ ಇರ್ತದ."

ಕೈ ಒರೆಸಿಕೊಂಡು ಕೂತೆ.