ದಪ್ಪಣ್ಣನ ಅಳತೆ

ನಗುವವರು ನಗಲಿ, ನಾನು ಕಂಡದ್ದನ್ನೇ ಹೇಳುತ್ತೇನೆ. ಹಳೆಯ ಮೂರು ಹಾಸ್ಯ ಸಿನಿಮಾಗಳಲ್ಲಿ ದೆವ್ವವಾಗಿ ಎಲ್ಲರನ್ನೂ ನಗಿಸಿದ ದಪ್ಪಣ್ಣನಿಗೆ ಬಿಳಿ ನಿಲುವಂಗಿ ಹೊಲಿದವಳು ನಾನು. ಅವನ ಸೊಂಟ ಐವತ್ತೆರಡು ಇಂಚು. ಸತ್ತು ಹನ್ನೊಂದು ವರ್ಷವಾಯಿತು. ಈಗ ನಾಲ್ಕನೆಯದು ತೆಗೆಯುತ್ತಿದ್ದಾರೆ, ಮನೆಮಂದಿಯೆಲ್ಲ ಕೂತು ನೋಡುವಂಥದ್ದಂತೆ. ಹಿಂದಿನ ಮೂರನ್ನೇನು ಜನ ಕದ್ದು ನೋಡಿದ್ದರೇ?

"ಟೇಲರಮ್ಮ, ಮಕ್ಕಳು ಹೆದರಬಾರ್ದು. ದೆವ್ವ ತೆಳ್ಳಗೆ, ಮುದ್ದಾಗಿರ್ಲಿ. ಆ ಹಳೇ ನಿಲುವಂಗೀನೇ ಹೊಸಬನಿಗೆ ಚಿಕ್ಕದು ಮಾಡಿ," ಎಂದ ನಿರ್ದೇಶಕ. ದಪ್ಪಣ್ಣನ ಹೆಸರನ್ನೂ ಎತ್ತಲಿಲ್ಲ. ಮೈಯೆಲ್ಲ ಉರಿಯಿತು. ಆದರೂ ಎರಡೂ ಪಕ್ಕ ಒಳಗೆ ಹಿಡಿದು ಹೊಲಿದೆ.

ಮರುದಿನ ಬೆಳಿಗ್ಗೆ ಬೀರು ತೆಗೆದರೆ ಹೊಲಿಗೆ ಬಿಚ್ಚಿತ್ತು. ಕೊರಳಪಟ್ಟಿ ಬೆವರಿಗೆ ಒದ್ದೆಯಾಗಿತ್ತು. ಬಟ್ಟೆ ಈಗಷ್ಟೇ ಮೈಯಿಂದ ಕಳಚಿದಂತೆ ಬೆಚ್ಚಗಿತ್ತು. ದಪ್ಪಣ್ಣ ಅಗಿಯುತ್ತಿದ್ದ ಲವಂಗದ ವಾಸನೆ ಬೇರೆ. ಮತ್ತೆ ಹೊಲಿದೆ, ಮತ್ತೆ ಹಾಗೇ ಆಯಿತು.

"ವಯಸ್ಸಾಯ್ತು ನಿಮಗೆ, ಕೈ ನಡುಗ್ತಿದೆ," ಎಂದ ನಿರ್ದೇಶಕ ಎಲ್ಲರೆದುರು.

"ನನ್ನ ಕೈ ಸುದ್ದಿಗೆ ಬರ್ಬೇಡಪ್ಪ. ಹೊಸ ಬಟ್ಟೆ ತರ್ಸು," ಎಂದೆ.

ಹೊಸಬನ ಮೂವತ್ತು ಇಂಚಿಗೇ ಹೊಲಿದೆ. ಮುಂದೆ ಬೇಕಾದರೆ ಅಗಲ ಮಾಡಲೆಂದು ಹೊಲಿಗೆಯ ಒಳಗೆ ಬಟ್ಟೆ ಬಿಡುವುದು ನಮ್ಮ ರೂಢಿ. ಈ ಸಲ ಹಟಕ್ಕೆ ಬಿದ್ದು, ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ ಮಿಕ್ಕಿದ್ದನ್ನು ಎಸೆದೆ. ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಇವತ್ತು ಬೆಳಿಗ್ಗೆ ನಿರ್ದೇಶಕನ ಮುಂದೆಯೇ ಬೀಗ ತೆಗೆದೆ. ಬಟ್ಟೆ ಬೆಚ್ಚಗಿತ್ತು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ, ಎಲ್ಲೂ ತೇಪೆಯಿರಲಿಲ್ಲ. ಟೇಪನ್ನು ಅವನ ಕೈಗೇ ಕೊಟ್ಟೆ.

"ನೀನೇ ಅಳೆಯಪ್ಪ."

ಮೂರು ಸಲ ಅಳೆದ. ಮೂರು ಸಲವೂ ಐವತ್ತೆರಡು.