‘ತೆಗೆ’ ಒತ್ತಿದವನು

ಮಾರ್ಚ್ 12, ಬೆಳಿಗ್ಗೆ 10:20. ಟೈಲರಮ್ಮ ಠಾಣೆಗೆ ಬಂದು, ತನ್ನ ಅಂಗಡಿಯಿಂದ ಹಳೆಯ ಮೊಬೈಲ್ ಕಳುವಾಗಿದೆ ಎಂದು ದೂರು ಬರೆದುಕೊಟ್ಟರು. ಬೆಲೆಯ ಜಾಗ ಖಾಲಿ ಇತ್ತು.

“ಎಷ್ಟು ಬೆಲೆ?” ಇನ್‌ಸ್ಪೆಕ್ಟರ್ ಕೇಳಿದರು.

“ತೀರಿಹೋದ ನಮ್ಮಮ್ಮನ ದನಿ ಇರೋದು ಅದೊಂದರಲ್ಲೇ ಸಾರ್. ಎಷ್ಟು ಅಂತ ಬರೀಲಿ?”

ಎಫ್‌ಐಆರ್ ದಾಖಲಾಯಿತು. 11:05ಕ್ಕೆ ಅಂಗಡಿಯಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಹೊಲಿಗೆ ಮಿಷನ್ ಪಕ್ಕದಲ್ಲಿ ಹೊಚ್ಚಹೊಸ ಮೊಬೈಲ್ ಇದ್ದಂತೆಯೇ ಇತ್ತು. ಹೋಗಿದ್ದು ಹಳೆಯದು, ಅದೂ ಚಾರ್ಜರ್ ಸಮೇತ. ಎಂಥ ಅಚ್ಚುಕಟ್ಟಿನ ಕಳ್ಳನಪ್ಪಾ!

“ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ?” ಮಹಿಳಾ ಪೇದೆ ಕೇಳಿದಳು.

“ನಮ್ಮ ಯಜಮಾನ್ರ ಹತ್ರ. ಅವರು ದೇವರಂಥೋರು ಬಿಡಮ್ಮ.”

ಬಾಗಿಲಲ್ಲಿ ನಿಂತಿದ್ದ ಆ ದೇವರು, ಮರಗೆಲಸದವನು, ಯಾರೂ ಕೇಳದೆಯೇ ಬಾಯಿಬಿಟ್ಟ: “ನಾನು ರಿಪೇರಿ ಅಂಗಡಿ ಕಡೆ ಹೋಗೇ ಇಲ್ಲ ಸಾರ್.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. 11:40ಕ್ಕೆ ಎಲ್ಲರೂ ರಿಪೇರಿ ಅಂಗಡಿಯಲ್ಲಿದ್ದರು. ಮೊಬೈಲ್ ಮೇಜಿನ ಮೇಲೆಯೇ ಸಿಕ್ಕಿತು.

“ಅಳಿಸಿಹೋಗಿರೋ ದನಿ ವಾಪಸ್ ಬೇಕಂತೆ,” ಎಂದ ರಿಪೇರಿಯವನು. “ಸಿಸ್ಟಮ್ ಒಂದೇ ಸಾರ್, ಆದ್ರೆ ಒಂದೊಂದು ಕಂಪನಿಯೋರು ಒಂದೊಂದು ಥರ ತಿದ್ದಿರ್ತಾರೆ. ಇದರ ದಾರಿ ನಂಗೊತ್ತಿಲ್ಲ.”

ಟೈಲರಮ್ಮ ಕುಸಿದು ಸ್ಟೂಲಿನ ಮೇಲೆ ಕೂತರು.

“ಯಾಕಯ್ಯಾ ಅಳಿಸಿದೆ?” ಇನ್‌ಸ್ಪೆಕ್ಟರ್ ಮರಗೆಲಸದವನತ್ತ ತಿರುಗಿದರು.

“ಅಳಿಸಿಲ್ಲ ಸಾರ್! ಇವಳಿಗೆ ಅತ್ತೆ ದನಿ ಕೇಳಿಸೋಣ ಅಂತ ಹೋದೆ. ನನ್ನ ಮೊಬೈಲಲ್ಲಿ ‘ತೆಗೆ’ ಅಂದ್ರೆ ಬಾಗಿಲು ತೆಗೆದ ಹಾಗೆ. ಇವಳದ್ರಲ್ಲಿ ಕಸ ತೆಗೆದ ಹಾಗೆ! ಒತ್ತಿದೆ, ಹೋಯ್ತು.” ಅವನು ಹೆಂಡತಿಯತ್ತ ಕೈ ತೋರಿಸಿದ. “ಯಾವ ಬಾಯಲ್ಲಿ ಹೇಳ್ಲಿ?”

ಮಹಿಳಾ ಪೇದೆ ಮೊಬೈಲ್ ಎತ್ತಿಕೊಂಡಳು. “ನಂದೂ ಇದೇ ಕಂಪನಿ ಸಾರ್. ತೆಗೆದಿದ್ದು ‘ಕಸದ ಬುಟ್ಟಿ’ಯಲ್ಲಿ ಮೂವತ್ತು ದಿನ ಇರುತ್ತೆ.”

ಬುಟ್ಟಿ ತೆರೆಯಿತು. ಕೆಳಗೆ ಎರಡೇ ಗುಂಡಿ: ‘ಮರಳಿಸು’, ‘ತೆಗೆ’. ಮರಗೆಲಸದವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಪೇದೆ ಮೊದಲನೆಯದನ್ನು ಒತ್ತಿ, ಮರಳಿ ಬಂದ ದನಿಯನ್ನು ಹಾಕಿದಳು.

“ಊಟ ಆಯ್ತೇನೇ? ಅಳಿಯಂದಿರಿಗೂ ಬಡಿಸಿದ್ಯಾ?”

ಟೈಲರಮ್ಮ ಮೊಬೈಲಿನತ್ತ ಬಗ್ಗಿ ಅಮ್ಮನ ದನಿಗೆ ಕಿವಿಯಿಟ್ಟರು.

12:30ಕ್ಕೆ ಠಾಣೆಯಲ್ಲಿ ಆರೋಪಿಯ ದಸ್ತಗಿರಿ ನಮೂದಾಯಿತು. ಜಾಮೀನಿಗೆ ಸಹಿ ಹಾಕಿದ್ದು ದೂರುದಾರಳೇ. ‘ಉದ್ದೇಶ’ ಎಂಬಲ್ಲಿ ಇನ್‌ಸ್ಪೆಕ್ಟರ್ ಬರೆದರು: ಹೆಂಡತಿ ಅಳುವುದನ್ನು ನೋಡಲಾರದೆ.

ಟೈಲರಮ್ಮ ಕಣ್ಣೊರೆಸಿಕೊಂಡು ಮೊಬೈಲನ್ನು ಗಂಡನ ಕೈಗೇ ಕೊಟ್ಟರು.

“ಇನ್ನೊಂದ್ಸಲ ಹಾಕ್ರೀ. ಇಬ್ರೂ ಕೇಳೋಣ.”